ಸಹಿ ಹಾಕಿಸುವ ಚೀಟಿಯೂ ಕನ್ನಡದಲ್ಲಿರಲಿ!



ಕಳೆದ ತಿಂಗಳು ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಬಂದ. ಹಾವೇರಿ ಕಡೆಯವನು. ಸಿವಿಲ್ ಡಿಪ್ಲೊಮಾ ಮುಗಿಸಿ, ಬ್ಯಾಂಕ್ ಸಾಲ ಮಾಡಿ, ಟೋಟಲ್ ಸ್ಟೇಷನ್ ಯಂತ್ರ ಕೊಂಡು ಸರ್ವೆ ಕೆಲಸ ಹಿಡಿದವನು. "ಅಣ್ಣಾ, 'ನಾಜೂಕು ಯಂತ್ರ, ಎಸೆಯಬೇಡಿ' ಅಂತ ದೊಡ್ಡ ಅಕ್ಷರದಾಗ ಸ್ಟಿಕ್ಕರ್ ಮಾಡಿಕೊಡ್ರಿ" ಎಂದ. ಎಷ್ಟು ಬೇಕಪ್ಪಾ ಎಂದೆ. "ಹತ್ತು ಸಾಕ್ರಿ" ಎಂದ. ಹತ್ತು ಸ್ಟಿಕ್ಕರಿಗೆ ಯಾರೂ ಪ್ರೆಸ್ಸಿನ ಮೆಟ್ಟಿಲು ಹತ್ತುವುದಿಲ್ಲ. ಕೂರಿಸಿ, ಟೀ ತರಿಸಿ, ಏನಾಯಿತು ಎಂದು ಕೇಳಿದೆ.

ರಾಜಸ್ಥಾನದ ಒಂದು ಸೋಲಾರ್ ಕೆಲಸಕ್ಕೆಂದು ಬೆಂಗಳೂರಿನಿಂದ ವಿಮಾನ ಹತ್ತಿದ್ದಾನೆ. ಯಂತ್ರದ ಪೆಟ್ಟಿಗೆಯನ್ನು ಚೆಕ್-ಇನ್‌ಗೆ ಕೊಟ್ಟಿದ್ದಾನೆ. ಸ್ಪೇರ್ ಬ್ಯಾಟರಿ ಅದರಲ್ಲೇ ಇತ್ತು. ತಪಾಸಣೆಯಲ್ಲಿ ಸಿಕ್ಕಿಬಿತ್ತು. ಕರೆಸಿ ಪೆಟ್ಟಿಗೆ ಬಿಚ್ಚಿಸಿದರು. ವಿಮಾನಕ್ಕೆ ಹೊತ್ತಾಯಿತೆಂಬ ಗಾಬರಿಯಲ್ಲಿ ಮತ್ತೆ ತುಂಬುವಾಗ ಒಳಗಿನ ಸ್ಪಂಜು ಸರಿಯಾಗಿ ಕೂರಲಿಲ್ಲ. ಕೌಂಟರಿನಲ್ಲಿ ಒಂದು ಚೀಟಿ ಕೊಟ್ಟು "ಸೈನ್ ಹಿಯರ್" ಎಂದರು, ಸಹಿ ಹಾಕಿದ. ಸೈಟಿಗೆ ಹೋಗಿ ಯಂತ್ರ ನಿಲ್ಲಿಸಿದರೆ ಲೆವೆಲ್ಲೇ ಹಿಡಿಯುತ್ತಿಲ್ಲ! ಯಂತ್ರ ರಿಪೇರಿಗೆ ಹೋಯಿತು, ಕೆಲಸ ಬೇರೆಯವರ ಪಾಲಾಯಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ವಿಮಾನ ಕಂಪನಿಗೆ ಬರೆದರೆ ಒಂದೇ ಉತ್ತರ: ನೀವೇ ಸಹಿ ಹಾಕಿದ್ದೀರಲ್ಲ?

ಏನದು ಚೀಟಿ? ಅದರ ಹೆಸರು ಲಿಮಿಟೆಡ್ ರಿಲೀಸ್ ಟ್ಯಾಗ್. ನಾಜೂಕು ಸಾಮಾನು, ಸರಿಯಾಗಿ ಕಟ್ಟದ ಸಾಮಾನು ಕಂಡರೆ ಕಟ್ಟುತ್ತಾರೆ. ಇದು ಒಡೆದರೆ, ಕೆಟ್ಟರೆ ಕಂಪನಿ ಹೊಣೆಯಲ್ಲ ಎಂದು ಪ್ರಯಾಣಿಕನೇ ಒಪ್ಪಿ ಬರೆದುಕೊಟ್ಟಂತೆ ಅದು. ಹುಡುಗನ ಕೈಗೆ ಬಂದದ್ದು ಇಂಗ್ಲಿಷಿನಲ್ಲಿತ್ತು, ಇರುವೆಯಂಥ ಅಕ್ಷರದಲ್ಲಿತ್ತು. ದಿನವೂ ಅಚ್ಚಿನ ಮೊಳೆ ನೋಡುವ ನನಗೇ ಕನ್ನಡಕ ಬೇಕಾಯಿತು.

"ವಿಮಾನ ಹತ್ತುವವರಿಗೆ ಇಂಗ್ಲಿಷ್ ಬರುತ್ತೆ ಬಿಡ್ರೀ" ಎನ್ನುವ ಮಹಾಶಯರಿದ್ದಾರೆ. ಸ್ವಾಮಿ, ಕೆಲಸದ ಇಂಗ್ಲಿಷ್ ಬೇರೆ, ಕಾನೂನಿನ ಇಂಗ್ಲಿಷ್ ಬೇರೆ. ಆ ಹುಡುಗನಿಗೆ ಯಂತ್ರದ ಮೆನುವೆಲ್ಲ ಬಾಯಿಪಾಠ. ಹಿಂದೆ ಕ್ಯೂ ನಿಂತಿರುವಾಗ ಹೊಣೆ ಬಿಟ್ಟುಕೊಡುವ ಷರತ್ತನ್ನು ಪರಭಾಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳಲು ಎಷ್ಟು ಜನರಿಂದ ಸಾಧ್ಯ?

ನಮ್ಮ ತಾತಂದಿರು 33 ಅಡಿಯ ಸರಪಳಿ ಹಿಡಿದು ಹೊಲ ಅಳೆದರು. ಅದು ಕೆಳಗೆ ಬಿದ್ದರೆ ಎತ್ತಿಕೊಂಡರಾಯಿತು. ಟೋಟಲ್ ಸ್ಟೇಷನ್ ಹಾಗಲ್ಲ, ಲಕ್ಷಗಟ್ಟಲೆ ಬೆಲೆಯದು. ಅದರ ಕೋನ ಬರೀ 5 ಸೆಕೆಂಡು ತಪ್ಪಿದರೆ ಒಂದು ಕಿಲೋಮೀಟರಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ತಪ್ಪುತ್ತದೆ. ನಮ್ಮ ಬಣ್ಣದ ಮುದ್ರಣದಲ್ಲೂ ಒಂದು ಪ್ಲೇಟು ಕೂದಲೆಳೆ ಸರಿದರೆ ಸಿನಿಮಾ ನಾಯಕನಿಗೆ ಎರಡು ಮೂಗು!

ಸಾಗಿಸುವಾಗಿನ ಈ ಪೆಟ್ಟು ಹೊಸದೂ ಅಲ್ಲ. 1804ರಲ್ಲಿ ಬೆಂಗಳೂರಿನ ಹತ್ತಿರ ಆಧಾರ ರೇಖೆ ಅಳೆಸಿದ ಕರ್ನಲ್ ಲ್ಯಾಂಬ್ಟನ್‌ನ ಬಳಿ ಅರ್ಧ ಟನ್ ತೂಕದ ಥಿಯೋಡಲೈಟ್ ಇತ್ತು. 1808ರಲ್ಲಿ ಅದನ್ನು ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು ಜಖಂ ಆಯಿತು. ಸರಿಪಡಿಸಲು ಆರು ವಾರ ಹಿಡಿಯಿತು. ಲ್ಯಾಂಬ್ಟನ್ ಬೆನ್ನಿಗೆ ಸರ್ಕಾರವಿತ್ತು. ನಮ್ಮ ಹುಡುಗನ ಬೆನ್ನಿಗೆ ಯಾರಿದ್ದಾರೆ?

ಕಾನೂನು ಇದೆಯಲ್ಲ ಎನ್ನುತ್ತೀರಾ? ದೇಶದೊಳಗಿನ ಪ್ರಯಾಣದಲ್ಲಿ ಬ್ಯಾಗೇಜು ಕಳೆದರೆ ಅಥವಾ ಕೆಟ್ಟರೆ ವಿಮಾನ ಕಂಪನಿಯ ಹೊಣೆಯ ಮಿತಿ ಪ್ರಯಾಣಿಕನೊಬ್ಬನಿಗೆ 20,000 ರೂಪಾಯಿ. ಲಕ್ಷಗಟ್ಟಲೆಯ ಯಂತ್ರಕ್ಕೆ ಇಪ್ಪತ್ತು ಸಾವಿರ! ಸಾಮಾನಿನ ಬೆಲೆಯನ್ನು ಮೊದಲೇ ಘೋಷಿಸಿ, ಹೆಚ್ಚಿನ ಹಣ ಕಟ್ಟಿದರೆ ಮಾತ್ರ ಆ ಮಿತಿ ಏರುತ್ತದೆ. ಇದನ್ನು ಕೌಂಟರಿನಲ್ಲಿ ಆ ಹುಡುಗನಿಗೆ ಯಾರೂ ಹೇಳಲಿಲ್ಲ.

ಆದ್ದರಿಂದ ಯಂತ್ರ ಹೊತ್ತು ಹೊರಡುವ ಗೆಳೆಯರೇ, ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. ಸ್ಪೇರ್ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಯಾವತ್ತೂ ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪು ಸುತ್ತಿರಬೇಕು. ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ವಾಟ್-ಅವರ್ ಸಿಗುತ್ತದೆ: 7.4 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿ ಎಂದರೆ 37. ನೂರರವರೆಗೆ ತಕರಾರಿಲ್ಲ. 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು, ಅದೂ ಸ್ಪೇರ್ ಎರಡೇ. ಅದಕ್ಕೂ ಮೇಲಿನದನ್ನು ಬ್ಯಾಗೇಜಿನಲ್ಲಿ ಒಯ್ಯುವಂತಿಲ್ಲ.

ಯಂತ್ರವನ್ನು ಆದಷ್ಟೂ ಜೊತೆಯಲ್ಲೇ ಒಯ್ಯಿರಿ. ಕೈಚೀಲದ ಮಿತಿ ಸಾಮಾನ್ಯವಾಗಿ 7 ಕಿಲೋ, ಯಂತ್ರದ ಗಟ್ಟಿ ಪೆಟ್ಟಿಗೆ ಅದಕ್ಕೆ ದೊಡ್ಡದಾಗುತ್ತದೆ. ಮೊದಲೇ ಕಂಪನಿಯನ್ನು ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಟ್ರೈಪಾಡಿನ ಕಾಲಿಗೆ ಮೊನಚು ಕಬ್ಬಿಣವಿದೆ, ಅದು ಚೆಕ್-ಇನ್‌ಗೇ ಹೋಗಲಿ. ಯಂತ್ರವನ್ನೂ ಚೆಕ್-ಇನ್‌ಗೆ ಕೊಡಲೇಬೇಕಾದರೆ ಪೆಟ್ಟಿಗೆಯನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ಸುತ್ತ ಸ್ಪಂಜು ತುಂಬಿ. ಸೀರಿಯಲ್ ನಂಬರಿನ ಸಮೇತ ಫೋಟೋ ತೆಗೆಯಿರಿ. ವಿಮಾನ ಪ್ರಯಾಣಕ್ಕೂ ಅನ್ವಯಿಸುವ ವಿಮೆ ಮಾಡಿಸಿ. ಇಳಿದ ಮೇಲೆ ನಿಲ್ದಾಣ ಬಿಡುವ ಮೊದಲೇ ಬಿಚ್ಚಿ ನೋಡಿ, ಪೆಟ್ಟಾಗಿದ್ದರೆ ಅಲ್ಲೇ ದೂರು ಬರೆಸಿ ಪ್ರತಿ ತೆಗೆದುಕೊಳ್ಳಿ. ಏಳು ದಿನದೊಳಗೆ ಲಿಖಿತ ದೂರು ಹೋಗಿರಲಿ. ಸೈಟಿನಲ್ಲಿ ಕೆಲಸಕ್ಕೆ ಮುಂಚೆ ಎರಡೂ ಮುಖದಲ್ಲಿ ಓದಿ ತಾಳೆ ನೋಡಿ.

ಇದು ನಮ್ಮ ಎಚ್ಚರದ ಮಾತಾಯಿತು, ಇನ್ನು ಹಕ್ಕಿನ ಮಾತು. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳಿತು. ಅದಕ್ಕಾಗಿ ಬೀದಿಗಿಳಿದವರಿಗೆ ನಮಸ್ಕಾರ. ಆದರೆ ಬೋರ್ಡು ಓದದಿದ್ದರೆ ಯಾರ ಮನೆಯೂ ಮುಳುಗುವುದಿಲ್ಲ. ಸಹಿ ಹಾಕುವ ಕಾಗದ ಓದಲಾಗದಿದ್ದರೆ ಮುಳುಗುತ್ತದೆ! ಕರ್ನಾಟಕದ ನೆಲದಿಂದ ವಿಮಾನ ಹಾರಿಸುವ ಪ್ರತಿ ಕಂಪನಿಯೂ ಬ್ಯಾಟರಿಯ ನಿಯಮ, ಹೊಣೆಯ ಮಿತಿ, ಈ ಟ್ಯಾಗು, ದೂರಿನ ಅರ್ಜಿ ಇಷ್ಟನ್ನೂ ಕನ್ನಡದಲ್ಲಿ, ಓದುವಷ್ಟು ದಪ್ಪ ಅಕ್ಷರದಲ್ಲಿ ಕೊಡಬೇಕು. ಖರ್ಚು ಹೆಚ್ಚು ಎಂದರೆ ನಂಬಬೇಡಿ. ಚೀಟಿ ಅಚ್ಚು ಮಾಡುವ ದರ ನನಗೆ ಗೊತ್ತು. ಕನ್ನಡಕ್ಕೆ ಒಂದು ಪೈಸೆ ಶಾಯಿ ಹೆಚ್ಚು ಹಿಡಿಯುವುದಿಲ್ಲ.

ಹುಡುಗನಿಗೆ ಸ್ಟಿಕ್ಕರ್ ಮಾಡಿಕೊಟ್ಟೆ. ಕನ್ನಡದ ಅಕ್ಷರದ ಪಕ್ಕದಲ್ಲಿ ಗಾಜಿನ ಲೋಟದ ಚಿತ್ರ, ಮೇಲ್ಮುಖದ ಬಾಣ ಹಾಕಿದೆ. ಜೋಧಪುರದಲ್ಲಿ ಪೆಟ್ಟಿಗೆ ಇಳಿಸುವ ಕೂಲಿಗೆ ಕನ್ನಡ ಬಾರದು, ಅವನಿಗೆ ಚಿತ್ರ ಸಾಕು. ಬೆಂಗಳೂರಿನಲ್ಲಿ ಸಹಿ ಹಾಕುವ ಕನ್ನಡಿಗನಿಗೆ ಮಾತ್ರ ಚಿತ್ರ ಸಾಲದು, ಅವನಿಗೆ ಅವನ ಭಾಷೆ ಬೇಕು.

ಮುಂದಿನ ಸಲ ಕೌಂಟರಿನಲ್ಲಿ ಚೀಟಿ ಚಾಚಿದರೆ ಪೆನ್ನು ತೆಗೆಯಬೇಡಿ. "ಇದರಲ್ಲಿ ಏನು ಬರೆದಿದೆ, ಕನ್ನಡದಲ್ಲಿ ಹೇಳಿ" ಎನ್ನಿ. ಹಿಂದಿನವರು ಗೊಣಗಲಿ. ಒಬ್ಬ ಕೇಳಿದರೆ ಗಲಾಟೆ ಎನ್ನುತ್ತಾರೆ. ದಿನಕ್ಕೆ ನೂರು ಜನ ಕೇಳಿದರೆ ಚೀಟಿ ಅಚ್ಚಾಗಿ ಬರುತ್ತದೆ.

ಸಿರಿಗನ್ನಡಂ ಗೆಲ್ಗೆ!