ರಾತ್ರಿ ಪಾಳಿ ಯಾರದು?

ಹೆರಿಗೆ ರಜೆ ಮುಗಿಸಿ ಆಫೀಸಿಗೆ ಹೋದ ಮೊದಲ ವಾರ ನನ್ನ ಹೆಂಡತಿಯನ್ನು ಒಂಬತ್ತು ಜನ ಒಂದೇ ಪ್ರಶ್ನೆ ಕೇಳಿದರಂತೆ: 'ಮಗು ರಾತ್ರಿಯಿಡೀ ಮಲಗುತ್ತಾ?' ಅದೇ ಮಗುವಿನ ಅಪ್ಪ ನಾನು. ನನ್ನನ್ನು ಇವತ್ತಿನವರೆಗೆ ಯಾರೂ ಹಾಗೆ ಕೇಳಿಲ್ಲ. ನನ್ನ ಟೀಮಿನವರು ಕೇಳಿದ್ದು ಒಂದೇ: 'ಪಾರ್ಟಿ ಯಾವಾಗ ಗುರು?'

ಈ ಪ್ರಶ್ನೆ ಮಗುವಿನ ಮೇಲಿನ ಕಾಳಜಿಯಿಂದ ಬಂದದ್ದು ಅಂತ ನಾನು ಬಹಳ ದಿನ ನಂಬಿದ್ದೆ. ಈಗ ನಂಬಲ್ಲ. ಅದರ ನಿಜವಾದ ಅರ್ಥ, 'ಬೆಳಿಗ್ಗೆ ಒಂಬತ್ತೂವರೆಯ ಮೀಟಿಂಗಿಗೆ ನೀನು ಕಣ್ಣು ಬಿಟ್ಟುಕೊಂಡು ಕೂರ್ತೀಯಾ?' ಅಂತ. ಕೂಸಿನ ನಿದ್ದೆಯ ಹೆಸರಿನಲ್ಲಿ ನಾವು ಮಾತಾಡುತ್ತಿರುವುದು ಆಫೀಸಿನ ಗಡಿಯಾರದ ಬಗ್ಗೆ.

ಮೊದಲು ಕೂಸಿನ ಕಥೆ ನೋಡೋಣ. ಹುಟ್ಟಿದ ಮಗುವಿಗೆ ಹಗಲು ರಾತ್ರಿಯ ವ್ಯತ್ಯಾಸವೇ ಗೊತ್ತಿರುವುದಿಲ್ಲ. ಆ ಲಯ ಮೂಡುವುದಕ್ಕೇ ಎರಡು ಮೂರು ತಿಂಗಳು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮೂರು ತಿಂಗಳವರೆಗಿನ ಕೂಸಿಗೆ ದಿನಕ್ಕೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳಿನದಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು. ಆದರೆ ಇದು ಹಗಲಿನ ತೂಕಡಿಕೆಯೂ ಸೇರಿದ ಲೆಕ್ಕ. ಎಲ್ಲವನ್ನೂ ಒಂದೇ ಸಲಕ್ಕೆ, ಅದೂ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಮಲಗಿ ಮುಗಿಸಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ಕೆನಡಾದಲ್ಲಿ ಸುಮಾರು 400 ಮಕ್ಕಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಆರು ತಿಂಗಳ ಮಕ್ಕಳಲ್ಲಿ ಶೇ 38ರಷ್ಟು ಸತತ ಆರು ಗಂಟೆ ಕೂಡ ಮಲಗುತ್ತಿರಲಿಲ್ಲ. ಒಂದು ವರ್ಷ ತುಂಬಿದ ಮೇಲೂ ಶೇ 28ರಷ್ಟು ಮಕ್ಕಳದು ಅದೇ ಕಥೆ. ಇನ್ನೂ ಮುಖ್ಯವಾದ ಮಾತೆಂದರೆ, ಮಲಗಿದ ಮಕ್ಕಳಿಗೂ ಎದ್ದ ಮಕ್ಕಳಿಗೂ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ರಾತ್ರಿ ಏಳುವ ಕೂಸಿಗೆ ರೋಗ ಇಲ್ಲ. ಅದು ಕೂಸು, ಅಷ್ಟೇ.

ಇದೆಲ್ಲ ತಿಳಿಯುವ ಮೊದಲೇ ನಾವು ದುಡ್ಡು ಕಳೆದುಕೊಂಡಾಗಿತ್ತು. ಮಗಳಿಗೆ ಆರು ತಿಂಗಳಾದಾಗ ಒಬ್ಬ 'ನಿದ್ದೆ ಸಲಹೆಗಾರ್ತಿ'ಯ ಹತ್ತು ದಿನದ ಪ್ಯಾಕೇಜ್ ತೆಗೆದುಕೊಂಡೆವು, ಹನ್ನೆರಡು ಸಾವಿರ. ಮೊದಲ ದಿನ ಮೂರು ನಿಮಿಷ ಅಳಲು ಬಿಡಿ, ಆಮೇಲೆ ಐದು, ಆಮೇಲೆ ಹತ್ತು. ನಾಲ್ಕನೇ ರಾತ್ರಿ ನನ್ನ ಹೆಂಡತಿ ಬಾಗಿಲ ಹೊರಗೆ ಫೋನಿನ ಟೈಮರ್ ಹಿಡಿದು ಕೂತು ತಾನೇ ಅಳುತ್ತಿದ್ದಳು. ನಾನು? ನಾನು ಪಕ್ಕದ ರೂಮಿನಲ್ಲಿ ಇಯರ್‌ಪ್ಲಗ್ ಹಾಕಿಕೊಂಡು ಮಲಗಿದ್ದೆ. ಮರುದಿನ ರಿಲೀಸ್ ಇತ್ತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಈ ತರಬೇತಿಯಿಂದ ಮಕ್ಕಳು ಹಾಳಾಗುತ್ತವೆ ಅಂತ ಹೆದರಿಸುವವರೂ ಇದ್ದಾರೆ, ಅದು ಸರಿಯಲ್ಲ. ಮೆಲ್ಬರ್ನ್‌ನಲ್ಲಿ ಮಕ್ಕಳಿಗೆ ಆರು ವರ್ಷವಾಗುವವರೆಗೆ ಹಿಂಬಾಲಿಸಿ ನೋಡಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾನಿ ಕಂಡಿಲ್ಲ. ದೂರಗಾಮಿ ಲಾಭವೂ ಕಂಡಿಲ್ಲ. ಹಾಗಾಗಿ ಮಾಡುವವರು ಮಾಡಲಿ. ನನ್ನ ಜಗಳ ಆ ವಿಧಾನದ ಜೊತೆ ಅಲ್ಲ. ಮನೆಯಲ್ಲಿ ಇಬ್ಬರು ದೊಡ್ಡವರಿದ್ದು, ಒಬ್ಬ ಇಯರ್‌ಪ್ಲಗ್ ಹಾಕಿಕೊಂಡು, ಆರು ತಿಂಗಳ ಕೂಸಿಗೆ ಬದಲಾಗು ಅಂತ ಹೇಳುವುದಿದೆಯಲ್ಲ, ಅದರ ಜೊತೆ.

ಇದು ಹೊಸದೂ ಅಲ್ಲ. ತಾಯಿಯ ಕೆಲಸದ ಹೊತ್ತು ಮಗುವಿನ ಹೊತ್ತಿಗೆ ಹೊಂದದ ಕಡೆಯೆಲ್ಲ ಮಗುವನ್ನೇ ಮಲಗಿಸುವ ಉಪಾಯ ಹುಟ್ಟಿದೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಗಾಡ್‌ಫ್ರೀಸ್ ಕಾರ್ಡಿಯಲ್ ಅನ್ನೋ ಸಿರಪ್ ಮಾರುತ್ತಿದ್ದರು, ಅದರಲ್ಲಿ ಅಫೀಮು. ನೂರು ವರ್ಷದ ಹಿಂದೆ ಮುಂಬೈಯ ಬಟ್ಟೆ ಗಿರಣಿಯ ಹೆಂಗಸರು ಪಾಳಿಗೆ ಹೋಗುವ ಮುನ್ನ ಕೂಸಿಗೆ ಕೊಡುತ್ತಿದ್ದ ಬಾಲಗೋಳಿಯಲ್ಲೂ ಅಫೀಮು. ಆ ತಾಯಂದಿರಿಗೆ ಪ್ರೀತಿ ಇರಲಿಲ್ಲವೇ? ಅವರಿಗೆ ಇರದೇ ಇದ್ದದ್ದು ಕೂಸನ್ನು ನೋಡಿಕೊಳ್ಳುವ ಇನ್ನೊಂದು ಕೈ. ನಮ್ಮ ಕಾಲದಲ್ಲಿ ಅಫೀಮು ಹೋಯಿತು, ಪ್ಯಾಕೇಜ್ ಬಂತು. ಗಿರಣಿಯ ಸೈರನ್ ಮಾತ್ರ ಲ್ಯಾಪ್‌ಟಾಪಿನಲ್ಲಿ ಇನ್ನೂ ಕೂಗುತ್ತಿದೆ.

ಪ್ಯಾಕೇಜೂ ಸೋತ ಮೇಲೆ ನಾವು ಮಾಡಿದ್ದು ನಿಮ್ಮಲ್ಲಿ ಅನೇಕರು ಮಾಡಿರುವುದನ್ನೇ. ಏಳೂವರೆ ತಿಂಗಳ ಮಗಳನ್ನು ಊರಿಗೆ ಬಿಟ್ಟು ಬಂದೆವು. ಊರು ರಾಜೇಶ್ವರ. ಹೈದರಾಬಾದ್–ಸೋಲಾಪುರ ಹೆದ್ದಾರಿಯಲ್ಲಿ ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ ಸಿಗುತ್ತದೆ. ಅಲ್ಲಿ ಅವ್ವ ಅಪ್ಪ ಇಬ್ಬರೇ ಇದ್ದಾರೆ. ಅವ್ವನಿಗೆ ಅರವತ್ಮೂರು, ಮೊಣಕಾಲು ನೋವು.

ವಿಶ್ವ ಆರೋಗ್ಯ ಸಂಸ್ಥೆ ಎದೆಹಾಲನ್ನು ಎರಡು ವರ್ಷದವರೆಗೆ, ಅದಕ್ಕೂ ಮುಂದೆ ಕೊಡಿ ಅನ್ನುತ್ತದೆ. ನಮ್ಮ ಮಗಳಿಗೆ ಅದು ಏಳೂವರೆ ತಿಂಗಳಿಗೆ ನಿಂತಿತು. ಊರಿಂದ ವಾಪಸ್ ಬಂದ ವಾರ ನನ್ನ ಹೆಂಡತಿ ಆಫೀಸಿನ ಟಾಯ್ಲೆಟ್ಟಿನಲ್ಲಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಇದನ್ನು ನನಗೆ ಹೇಳಿದ್ದು ಎರಡು ತಿಂಗಳಾದ ಮೇಲೆ.

ಅವ್ವ ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. ಒಂದು ದಿನ ಕೇಳಿದೆ, 'ರಾತ್ರಿ ಮಲಗ್ತಾಳೇನವ್ವಾ?' ಅವ್ವ ನಕ್ಕಳು. 'ಕೂಸು ಅಂದ್ರ ಏಳ್ತದಪ್ಪಾ. ಏಳಲಾರದ ಕೂಸು ಎಲ್ಲಿ ಅದ? ನೀನೂ ಹಿಂಗೇ ಏಳ್ತಿದ್ದಿ. ಆದ್ರ ಆಗ ಮನ್ಯಾಗ ನಮ್ಮತ್ತಿ ಇದ್ರು, ನೆಗೆಣ್ಯಾರು ಇಬ್ರು ಇದ್ರು, ನಾದ್ನಿ ಇದ್ಳು. ಒಬ್ರು ಮಲಗಿದ್ರ ಒಬ್ರು ತೂಗ್ತಿದ್ರು. ಈಗ ನಾ ಒಬ್ಬಾಕಿ.'

ಈ ಮಾತು ಕೇಳಿ ನನಗೆ ಎರಡು ವಿಷಯ ಹೊಳೆಯಿತು. ಒಂದು, 'ನಮ್ಮ ಹಿರಿಯರು ಯಾವ ಆ್ಯಪ್ ಇಲ್ಲದೆ ಮಕ್ಕಳನ್ನು ಸಾಕಿದರು' ಅಂತ ನಾವು ಹೊಗಳುತ್ತೇವಲ್ಲ, ಅವರ ಹತ್ತಿರ ಆ್ಯಪ್ ಇರಲಿಲ್ಲ ಸರಿ, ಐದು ಜನ ಹೆಂಗಸರಿದ್ದರು. ಎರಡು, ಅವ್ವನ ಲೆಕ್ಕದಲ್ಲಿ ಅಪ್ಪನ ಹೆಸರು ಬರಲೇ ಇಲ್ಲ. ನಾನು ನನ್ನ ರಾತ್ರಿ ಪಾಳಿಯನ್ನು ಅರವತ್ಮೂರು ವರ್ಷದ ಹೆಣ್ಣುಮಗಳಿಗೆ ದಾಟಿಸಿ, ಅದಕ್ಕೆ 'ಅಜ್ಜಿ ಪ್ರೀತಿ' ಅಂತ ಹೆಸರಿಟ್ಟು ಬೆಂಗಳೂರಿನಲ್ಲಿ ಎಂಟು ಗಂಟೆ ಮಲಗುತ್ತಿದ್ದೆ.

ಇಲ್ಲಿ ಹಳ್ಳಿ ಸ್ವರ್ಗ, ಸಿಟಿ ನರಕ ಅನ್ನುವ ಹಾಡು ನಾನು ಹಾಡಲ್ಲ. ಊರಿನಲ್ಲಿ ಪಕ್ಕದ ಮನೆಯವರು ಮಗಳಿಗೆ ಜೇನುತುಪ್ಪ ನೆಕ್ಕಿಸಲು ಬಂದಿದ್ದರು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಟ್ಟರೆ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಇವನ್ನೆಲ್ಲ ಸಂಪ್ರದಾಯ ಅಂತ ಸಹಿಸಬೇಕಿಲ್ಲ. ಅಂಕಿಗಳೂ ಸುಮ್ಮನಿಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ಶೇ 65ರಷ್ಟು ಮಕ್ಕಳಿಗೆ ರಕ್ತಹೀನತೆ.

ಆದರೆ ಜೇನು ಬೇಡ ಅಂತ ಹೇಳಿದ್ದು ಯಾರು ಗೊತ್ತಾ? ಆಶಾ ಕಾರ್ಯಕರ್ತೆ. ಮಗಳಿಗೆ ಒಂಬತ್ತು ತಿಂಗಳು ತುಂಬಿದಾಗ ಮನೆಗೇ ಬಂದರು. ತೂಕ ನೋಡಿದರು, ದಡಾರದ ಲಸಿಕೆಯ ದಿನ ನೆನಪಿಸಿದರು, ಕಬ್ಬಿಣಾಂಶದ ಸಿರಪ್ ಕೊಟ್ಟರು. 'ಬ್ಯಾಳಿ ಕಟ್ಟು ಒಂದೇ ಸಾಲಂಗಿಲ್ರಿ, ಅನ್ನ ಬ್ಯಾಳಿ ಗಟ್ಟಿಯಾಗಿ ನುರಿದು ಒಂಚೂರು ತುಪ್ಪ ಹಾಕಿ ತಿನ್ನಸ್ರಿ' ಅಂದರು. ಇದು ಅವರ ಕೆಲಸದ ಪಟ್ಟಿಯಲ್ಲೇ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ 42 ದಿನದೊಳಗೆ ಆರು ಸಲ ಮನೆಗೆ ಹೋಗಬೇಕು. ಆಮೇಲೆ 3, 6, 9, 12, 15ನೇ ತಿಂಗಳಿಗೆ ಒಮ್ಮೊಮ್ಮೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲನ್ನು ಏಳೂವರೆ ತಿಂಗಳಲ್ಲಿ ತಟ್ಟಿದ್ದು ಡೆಲಿವರಿ ಹುಡುಗರು ಮಾತ್ರ. ನಾವು ಹನ್ನೆರಡು ಸಾವಿರ ಕೊಟ್ಟು ಫೋನಿನಲ್ಲಿ ಹುಡುಕಿದ್ದು ಒಬ್ಬ ತಿಳಿದವಳು ಮನೆಗೆ ಬಂದು 'ಮಗು ಚೆನ್ನಾಗಿದೆ, ಹೆದರಬೇಡಿ' ಅನ್ನಲಿ ಅಂತ. ಆ ಮಾತು ರಾಜೇಶ್ವರದಲ್ಲಿ ಪುಕ್ಕಟೆ ಸಿಕ್ಕಿತು. ಹೇಳಿದವರಿಗೆ ಸರ್ಕಾರ ಕೊಡುವುದು ಸಂಬಳವೂ ಅಲ್ಲ, ಗೌರವಧನ.

ಅಂದರೆ ಕೂಸು ನೋಡುವ ಕೆಲಸವನ್ನು ಯಾರು ಮಾಡಿದರೂ ಅದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಅವ್ವ ಮಾಡಿದರೆ ಪ್ರೀತಿ, ಆಶಾ ಮಾಡಿದರೆ ಸೇವೆ, ಹೆಂಡತಿ ಮಾಡಿದರೆ ಕರ್ತವ್ಯ. ನಮ್ಮೂರಿನ ಪಕ್ಕದ ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಶರಣೆಯರ ಹೆಸರಿನ ಜೊತೆಗೇ ಕಾಯಕ ಅಂಟಿಕೊಂಡಿತ್ತು: ನೂಲುವ ಕದಿರೆ ರೆಮ್ಮವ್ವೆ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ. ರಾತ್ರಿ ಎರಡಕ್ಕೆ ತೊಟ್ಟಿಲು ತೂಗುವುದು ಕಾಯಕ ಅಂತ ನಮಗೆ ಇನ್ನೂ ಅನಿಸಿಲ್ಲ.

ಕಾನೂನೂ ಹಾಗೇ ಯೋಚಿಸುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಒಳ್ಳೆಯದು. ಆದರೆ ಹೆರಿಗೆಗೆ ಮುಂಚೆ ತೆಗೆದುಕೊಂಡ ವಾರಗಳೂ ಅದರಲ್ಲೇ ಕಳೆಯುತ್ತವೆ. ನನ್ನ ಹೆಂಡತಿ ನಾಲ್ಕು ವಾರ ಮೊದಲೇ ರಜೆ ಹಾಕಬೇಕಾಯಿತು, ಮಗಳಿಗೆ ಐದು ತಿಂಗಳಾದಾಗಲೇ ಲಾಗಿನ್. ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಅನ್ನುವುದೂ ಇದೇ ಸರ್ಕಾರ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಅಂತಲೂ ಇದೆ. ಅವಳ ಕಂಪನಿಯ ಎಚ್‌ಆರ್ ತೋರಿಸಿದ 'ಟೈ-ಅಪ್' ಕೇಂದ್ರ ಆಫೀಸಿಂದ ಹನ್ನೊಂದು ಕಿಲೋಮೀಟರ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಾಲ್ಕು ಸಲ ಹೋಗಿ ಬಂದರೆ ಕೆಲಸದ ದಿನವೇ ಮುಗಿಯುತ್ತದೆ.

ಅಪ್ಪಂದಿರ ವಿಷಯಕ್ಕೆ ಬಂದರೆ ಖಾಸಗಿ ಕಂಪನಿಯ ಗಂಡಸಿಗೆ ರಜೆ ಕೊಡಲೇಬೇಕು ಅನ್ನುವ ಕಾನೂನೇ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ. ನನಗೆ ಕಂಪನಿ ಕೊಟ್ಟಿದ್ದು ಐದು. ಸ್ವೀಡನ್ನಿನಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನ. ಅದರಲ್ಲಿ ತಲಾ 90 ದಿನ ಇನ್ನೊಬ್ಬರಿಗೆ ಬಿಟ್ಟುಕೊಡುವ ಹಾಗಿಲ್ಲ. ಹಾಗೆ ಕಟ್ಟಿಹಾಕದಿದ್ದರೆ ಅಪ್ಪ ಮನೆಯಲ್ಲಿ ಕೂರಲ್ಲ ಅಂತ ಅವರಿಗೆ ಗೊತ್ತಾಗಿದೆ. ನಮ್ಮದೇ ರಾಜ್ಯದಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023ರ ಬಜೆಟ್ಟಿನಲ್ಲಿ ಹೇಳಿದರು. ಕೆರೆ ಹೂಳೆತ್ತುವ ಹೆಂಗಸಿಗೂ ಕೂಸಿಗೊಂದು ಜಾಗ ಬೇಕು ಅಂತ ಪಂಚಾಯಿತಿಗೆ ಅರ್ಥವಾಗುತ್ತದೆ. ಕಾಫಿ ಮಷೀನು, ಟೇಬಲ್ ಟೆನಿಸ್ಸು, ಮಲಗುವ ಪಾಡು ಎಲ್ಲ ಇರುವ ಟೆಕ್ ಪಾರ್ಕಿಗೆ ಅರ್ಥವಾಗಲ್ಲ.

'ಕಾನೂನು ಬಿಗಿ ಮಾಡಿದರೆ ಹೆಂಗಸರಿಗೆ ಕೆಲಸವೇ ಕೊಡಲ್ಲ' ಅನ್ನುವವರಿದ್ದಾರೆ. ಸರಿಯಾದ ಭಯ. ನಮ್ಮಲ್ಲಿ ಆರು ತಿಂಗಳ ಸಂಬಳದ ಹೊರೆ ಪೂರ್ತಿ ಕಂಪನಿಯ ಮೇಲೆ, ಅದೂ ಹೆಣ್ಣು ನೌಕರರಿಗಾಗಿ ಮಾತ್ರ. ಅದಕ್ಕೇ ನಾನು ಹೇಳುವುದು, ಗಂಡಸಿಗೂ ಕಡ್ಡಾಯ ಮಾಡಿ. ಆಗ ಇಂಟರ್ವ್ಯೂನಲ್ಲಿ ಮದುವೆಯಾದ ಹುಡುಗನೂ ಹುಡುಗಿಯಷ್ಟೇ 'ರಿಸ್ಕ್' ಆಗುತ್ತಾನೆ.

ನಮ್ಮ ಟೀಮಿನಲ್ಲಿ ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಯಾರು ಏಳಬೇಕು ಅನ್ನೋದಕ್ಕೆ ರೋಸ್ಟರ್ ಇದೆ. ವಾರಕ್ಕೊಬ್ಬರು. ಎದ್ದವರು ಮರುದಿನ ತಡವಾಗಿ ಬಂದರೆ ಯಾರೂ ಕೇಳಲ್ಲ, ಭತ್ಯೆಯೂ ಸಿಗುತ್ತದೆ. ಸರ್ವರಿಗೆ 'ಅತ್ತು ಅತ್ತು ತಾನೇ ಸುಮ್ಮನಾಗು' ಅಂತ ನಾವು ಹೇಳಲ್ಲ.

ಹನ್ನೊಂದನೇ ತಿಂಗಳಿಗೆ ಮಗಳನ್ನು ಕರೆದುಕೊಂಡು ಬಂದೆವು. ಬಸ್ಸು ಹತ್ತುವಾಗ ಅವಳು ನಮ್ಮಿಬ್ಬರ ತೋಳಿಗೂ ಬರದೆ ಅವ್ವನ ಸೆರಗು ಹಿಡಿದು ಅತ್ತಳು. ಮೂರೂವರೆ ತಿಂಗಳ ಬಿಲ್ಲು ಅಲ್ಲೇ ಕೈಗೆ ಬಂತು. ಈಗ ಮನೆಯಲ್ಲಿ ಫ್ರಿಜ್ಜಿನ ಮೇಲೆ ರೋಸ್ಟರ್ ಅಂಟಿಸಿದ್ದೇವೆ. ಸೋಮ, ಬುಧ, ಶುಕ್ರ, ಭಾನುವಾರ ನನ್ನ ಪಾಳಿ. ಅವಳು ಈಗಲೂ ರಾತ್ರಿ ಎರಡು ಸಲ ಏಳುತ್ತಾಳೆ. ಬೆಳಿಗ್ಗೆ ಮೀಟಿಂಗಿನಲ್ಲಿ ತೂಕಡಿಸಿ ಸಿಕ್ಕಿಬಿದ್ದಾಗ 'ರಾತ್ರಿ ಮಗು ಎದ್ದಿತ್ತು' ಅಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಕೇಳಿದ, 'ಯಾಕೆ, ವೈಫ್ ಊರಲ್ಲಿಲ್ವಾ?'

ಗಂಡಸರೇ, ಈ ಪ್ರಶ್ನೆ ನಿಮಗೂ ಬರುವ ಹಾಗೆ ಒಂದು ವಾರ ಬದುಕಿ ನೋಡಿ. ಮುಂದಿನ ಸಲ ರಜೆ ಮುಗಿಸಿ ಬಂದ ಸಹೋದ್ಯೋಗಿ ಸಿಕ್ಕರೆ ಮಗು ಮಲಗುತ್ತಾ ಅಂತ ಅವಳನ್ನು ಕೇಳಬೇಡಿ. ಅವಳ ಗಂಡ ಸಿಕ್ಕಾಗ ಕೇಳಿ: ನಿನ್ನೆ ರಾತ್ರಿ ಪಾಳಿ ಯಾರದಿತ್ತು?