ಹದಿನೇಳು ಸೆಕೆಂಡಿನ ದರ್ಶನ

ಕಲೆಯನ್ನು ಹೊಗಳಬೇಕಾದರೆ ಈಗ ಮಿದುಳಿನ ಸಾಕ್ಷಿ ತರಬೇಕೆಂಬುದೊಂದು ಹೊಸ ರೂಢಿ ಬಂದಿದೆ. 2024ರಲ್ಲಿ ಹಾಲೆಂಡಿನ ಹೇಗ್ ನಗರದ ಮೌರಿಟ್ಸ್‌ಹೌಸ್ ಚಿತ್ರಶಾಲೆಯವರು ಒಂದು ಪರೀಕ್ಷೆ ಮಾಡಿಸಿದರು. ನೋಡುಗರ ತಲೆಗೆ ಯಂತ್ರ ಕಟ್ಟಿ ಅಳೆದಾಗ, ಮುದ್ರಿತ ಪ್ರತಿಗಿಂತ ಮೂಲಚಿತ್ರದ ಎದುರು ಭಾವಸ್ಪಂದನ ಹತ್ತು ಪಟ್ಟು ಹೆಚ್ಚಾಗಿತ್ತಂತೆ. 2025ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು 50 ಜನರನ್ನು ಪರೀಕ್ಷಿಸಿದರು. ಮೂಲಕೃತಿಗಳನ್ನು ನೋಡಿದವರ ದೇಹದಲ್ಲಿ, ಒತ್ತಡದಿಂದ ಏರುವ ಕಾರ್ಟಿಸಾಲ್ ಎಂಬ ಸ್ರಾವ ಸರಾಸರಿ ಶೇಕಡಾ 22ರಷ್ಟು ಇಳಿಯಿತು. ಪ್ರತಿಗಳನ್ನು ನೋಡಿದವರಲ್ಲಿ ಶೇಕಡಾ 8 ಮಾತ್ರ. ಇಷ್ಟೇ ಸಾಕಾಯಿತು, ವಸ್ತುಸಂಗ್ರಹಾಲಯವೆಂದರೆ ಔಷಧಾಲಯವೇ ಎಂದು ಸಾರುವವರು ಎದ್ದು ನಿಂತಿದ್ದಾರೆ.

ವಿಜ್ಞಾನಿಗಳೊಡನೆ ನನ್ನ ಜಗಳವಿಲ್ಲ. ಮೊದಲನೆಯ ಪರೀಕ್ಷೆ ಮಾಡಿಸಿದ್ದು ಚಿತ್ರಶಾಲೆಯೇ ಎಂಬುದನ್ನೂ, ಎರಡರಲ್ಲಿಯೂ ಪರೀಕ್ಷೆಗೊಳಗಾದವರು ಕೆಲವೇ ಜನ ಎಂಬುದನ್ನೂ ನೆನಪಿಟ್ಟರೆ ಸಾಕು. ನನ್ನ ತಕರಾರು ಇರುವುದು, ಮೂಲಕೃತಿಯ ಮುಂದೆ ಹಾಯ್ದುಹೋದರೂ ಫಲ ಬಂದೇ ಬರುವುದೆಂದು ನಂಬಿದವರೊಡನೆ. ಹೇಗ್‌ನಲ್ಲಿ ವರ್ಮೀರನ ಮುತ್ತಿನೋಲೆಯ ಹುಡುಗಿಯನ್ನು ನೋಡಿದವರ ದೃಷ್ಟಿ ಅವಳ ಕಣ್ಣಿನಿಂದ ಬಾಯಿಗೆ, ಬಾಯಿಯಿಂದ ಮುತ್ತಿಗೆ, ಮತ್ತೆ ಕಣ್ಣಿಗೆ ಸುತ್ತುತ್ತಿತ್ತು. ಸುತ್ತಲು ಹೊತ್ತು ಬೇಕು. ಆದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅರ್ಧಕ್ಕರ್ಧ ನೋಟಗಳು 17 ಸೆಕೆಂಡುಗಳನ್ನು ದಾಟಿರಲಿಲ್ಲ.

ನಗಬೇಡಿ, ನಮ್ಮ ಪಾಡು ಅದಕ್ಕಿಂತ ಕಡೆ. ಬನಹಟ್ಟಿ, ಜಮಖಂಡಿ, ಮುಧೋಳದ ವಿದ್ಯಾರ್ಥಿಗಳಿಗೆ ಬಾದಾಮಿ ಅರ್ಧ ದಿನದ ದಾರಿಯೂ ಅಲ್ಲ. ಆದರೂ ಶೈಕ್ಷಣಿಕ ಪ್ರವಾಸವೆಂಬ ಹೆಸರಿನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮಗಳನ್ನು ಒಂದೇ ಹಗಲಿನಲ್ಲಿ ಮುಗಿಸುವುದುಂಟು. ಮೊದಲನೆಯ ಗವಿಯ ನಟರಾಜನ ಹದಿನೆಂಟು ಕೈಗಳನ್ನು ಎಣಿಸುವುದಕ್ಕೇ ಆ 17 ಸೆಕೆಂಡು ಖರ್ಚಾಗುತ್ತದೆ. ಅಷ್ಟೂ ಕೈಗಳು ಸೇರಿ ಒಂದೇ ಕುಣಿತವಾಗುವುದನ್ನು ಕಾಣುವುದು ಯಾವಾಗ? ಅಲ್ಲಿಯ ಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯಿದ್ದಾಳೆ. ತಲೆಯ ಜಾಗದಲ್ಲಿ ಕಮಲವಿರುವ ಆ ದೇವಿಯನ್ನು ಕಂಡು ಹುಡುಗರು ಕಿಸಕ್ಕನೆ ನಕ್ಕು ಮುಂದೆ ಸಾಗುತ್ತಾರೆ. ತಪ್ಪು ಅವರದಲ್ಲ, ಕಮಲವೇಕೆ ಎಂದು ಕೇಳುವಷ್ಟು ಹೊತ್ತನ್ನು ಯಾರೂ ಅವರಿಗೆ ಕೊಟ್ಟಿಲ್ಲ.

ಫೋನಿನಲ್ಲಿ ಚಿತ್ರ ತೆಗೆದುಕೊಂಡಿದ್ದಾರಲ್ಲ, ಮನೆಯಲ್ಲಿ ನೋಡಿಕೊಳ್ಳುತ್ತಾರೆ ಎಂಬ ಸಮಾಧಾನವೂ ಸಲ್ಲದು. ಮೂರನೆಯ ಗವಿಯ ತ್ರಿವಿಕ್ರಮನನ್ನು ನೋಡಲು ಕತ್ತೆತ್ತಬೇಕು. ಕತ್ತೆತ್ತಿದಾಗಲೇ ಅವನು ತ್ರಿವಿಕ್ರಮ. ಅಂಗೈಯಗಲದ ಗಾಜಿನಲ್ಲಿ ಅವನು ಮತ್ತೆ ವಾಮನನೇ.

ನೋಡುವುದು ನಮಗೇನು ಹೊಸ ವಿದ್ಯೆಯೇ? ನಮ್ಮೂರ ನೇಕಾರ ಸೀರೆಯ ಸೆರಗು ಬಿಡಿಸಿ ಬೆಳಕಿಗೆ ಹಿಡಿದರೆ, ಹಾಸು-ಹೊಕ್ಕಿನಲ್ಲಿ ಒಂದು ಎಳೆ ತಪ್ಪಿದ್ದೂ ಅವನಿಗೆ ಕಾಣುತ್ತದೆ. ಆ ಕಣ್ಣನ್ನು ಅವನಿಗೆ ಕೊಟ್ಟದ್ದು ಅಭ್ಯಾಸ. ನಮ್ಮ ಆಲಂಕಾರಿಕರು ಸಹೃದಯನೆಂದು ಕರೆದದ್ದೂ ಅಭ್ಯಾಸದಿಂದ ಮನಸ್ಸು ತಿಳಿಯಾದವನನ್ನೇ. ಕಲಿಯದ ಕಣ್ಣಿನ ಮುಂದೆ ಮೂಲಕೃತಿಯೂ ಬರಿಯ ಕಲ್ಲು.

ಆದ್ದರಿಂದ ಪ್ರವಾಸಕ್ಕೆ ಒಂದೇ ಊರು ಸಾಕು, ಐದೇ ಶಿಲ್ಪ ಸಾಕು. ಒಂದೊಂದರ ಎದುರಿಗೆ ಹುಡುಗರನ್ನು ಅರ್ಧ ತಾಸು ನಿಲ್ಲಿಸಿ, ಕಂಡದ್ದನ್ನು ಒಂದು ಪುಟ ಬರೆಯಿಸಬೇಕು. ಖರ್ಚೂ ಕಡಿಮೆಯಾದೀತು. ಮಿದುಳಿನೊಳಗೆ ಏನಾಯಿತೆಂಬುದನ್ನು ವಿಜ್ಞಾನಿಗಳು ಅಳೆಯಲಿ. ಹುಡುಗರ ಕಾಲು ಒಂದು ಕಡೆ ನಿಲ್ಲುವಂತೆ ಮಾಡುವುದು ಮಾಸ್ತರರ ಕೆಲಸ.