ತಲಾಖ್ ಆಯಿತು, ವಸಿಯ್ಯತ್ ಏನಾಯಿತು?

ಕಳೆದ ಮಳೆಗಾಲದಲ್ಲಿ ವಯನಾಡಿನ ವೆಳ್ಳಮುಂಡದಲ್ಲಿರುವ ಸಂಬಂಧಿಕರ ಮನೆಗೆ ಹೋಗಿದ್ದೆ. ಮನೆಯ ಹಿರಿಯರು ತೀರಿಕೊಂಡು ನಲವತ್ತು ದಿನ ಕಳೆದಿತ್ತು. ಕಪಾಟಿನಲ್ಲಿ ಅವರೇ ಬರೆದಿಟ್ಟ ಹಳೆಯ ಕಾಗದವೊಂದು ಸಿಕ್ಕಿತ್ತು. ತೋಟದ ಒಂದು ತುಂಡು ಮೊದಲ ಹೆಂಡತಿಗೆ ಎಂದು ಆಕೆಯ ಹೆಸರು ಹಿಡಿದೇ ಬರೆದಿದ್ದರು. ಅವರಿಬ್ಬರ ತಲಾಖ್ ಆಗಿ ಎಷ್ಟೋ ವರ್ಷವಾಗಿತ್ತು.

"ತಲಾಖ್ ಆದ ಮೇಲೆ ಈ ಕಾಗದಕ್ಕೆ ಏನು ಬೆಲೆ?" ಎಂದರು ಎರಡನೇ ಮದುವೆಯ ಗಂಡುಮಕ್ಕಳು. ಮೊದಲ ಹೆಂಡತಿಯ ಮಗಳು ಬಾಗಿಲ ಬಳಿ ಸುಮ್ಮನೆ ನಿಂತಿದ್ದಳು.

ನಮ್ಮಲ್ಲಿ ಬಹಳ ಜನ ಹೀಗೆಯೇ ತಿಳಿದಿದ್ದಾರೆ. ಆದರೆ ವಿಷಯ ಹಾಗಿಲ್ಲ. ಹೆಂಡತಿಯಾಗಿರುವವರೆಗೆ ಆಕೆ ವಾರಸುದಾರಳು. ಮಕ್ಕಳಿದ್ದರೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು ಪಾಲು ಅವಳದು. ವಾರಸುದಾರರ ಹೆಸರಿಗೆ ಮಾಡಿದ ವಸಿಯ್ಯತ್ ಉಳಿದ ವಾರಸುದಾರರು ಒಪ್ಪದೆ ನಡೆಯುವುದಿಲ್ಲ. ತಲಾಖ್ ಆಗಿ ಇದ್ದಾ ಮುಗಿದರೆ ಆಕೆಯ ಪಾಲು ಹೋಗುತ್ತದೆ, ಜೊತೆಗೆ ಈ ತಡೆಯೂ ಹೋಗುತ್ತದೆ. ಯಾರು ವಾರಸುದಾರರು ಎಂದು ನೋಡುವುದು ಬರೆದ ದಿನವಲ್ಲ, ಮರಣದ ದಿನ. ಆದ್ದರಿಂದ ಬರೆದವರು ರದ್ದು ಮಾಡದಿದ್ದರೆ, ಆ ಕಾಗದ ಆಸ್ತಿಯ ಮೂರನೇ ಒಂದು ಭಾಗದ ಮಿತಿಯೊಳಗೆ ಊರ್ಜಿತ. ತಲಾಖ್ ಕಾಗದವನ್ನು ಹರಿಯಲಿಲ್ಲ, ಗಟ್ಟಿ ಮಾಡಿತು! ರಜಈ ತಲಾಖ್‌ನ ಇದ್ದಾ ಮುಗಿಯುವ ಮೊದಲೇ ಗಂಡ ತೀರಿಕೊಂಡರೆ ಆಕೆ ಇನ್ನೂ ವಾರಸುದಾರಳೇ.

ಇನ್ನೊಂದು ಮಾತು. ವಸಿಯ್ಯತ್‌ಗೂ ಮೊದಲು ಸಾಲ ತೀರಬೇಕು. ಕೊಡದೆ ಉಳಿದ ಮಹರ್ ಕೂಡ ಸಾಲವೇ. ಮಕ್ಕಳ ವಿಷಯದಲ್ಲಂತೂ ಸಂಶಯವೇ ಬೇಡ. ತಲಾಖ್ ಗಂಡ ಹೆಂಡಿರ ನಡುವೆ ಮಾತ್ರ. ತಾಯಿಯ ಮನೆಯಲ್ಲಿ ಬೆಳೆದ ಮಗಳೂ ತಂದೆಯ ವಾರಸುದಾರಳೇ.

2023ರ ಮಾರ್ಚ್ 8ರಂದು ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲಿ ವಕೀಲ ಸಿ. ಶುಕ್ಕೂರ್ ದಂಪತಿ ತಮ್ಮ ಮೂವರು ಹೆಣ್ಣುಮಕ್ಕಳ ಆಸ್ತಿಗಾಗಿ ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆಯಾದಾಗ ನಮ್ಮಲ್ಲಿ ಎಷ್ಟು ಚರ್ಚೆಯಾಯಿತು! ಅವರು ಮಾಡಿದ್ದು ಸರಿಯೋ ತಪ್ಪೋ, ಬದುಕಿರುವಾಗಲೇ ಯೋಚಿಸಿದರು. ತಲಾಖ್ ಆದ ಮನೆಗಳಲ್ಲಿ ಅಷ್ಟೂ ನಡೆಯುವುದಿಲ್ಲ. ಜಮಾಅತ್‌ನಲ್ಲಿ ಚಿನ್ನ, ಪಾತ್ರೆ, ಮಕ್ಕಳ ಖರ್ಚಿನ ಮಾತಾಗುತ್ತದೆ. ಹಳೆಯ ವಸಿಯ್ಯತ್ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಅದನ್ನೂ ಅದೇ ದಿನ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಬೇಡವಾದರೆ ರದ್ದು ಮಾಡಿ, ಬೇಕಾದರೆ ಇಬ್ಬರು ಸಾಕ್ಷಿಗಳ ಮುಂದೆ ಹೊಸದಾಗಿ ಬರೆಯಿರಿ. "ನನ್ನ ಹೆಂಡತಿಗೆ" ಎಂದು ಬರೆದು ಬಿಡಬೇಡಿ, ಹೆಸರು ಹಾಕಿ.

ವೆಳ್ಳಮುಂಡದಲ್ಲಿ ಉಸ್ತಾದರು ಬಿಡಿಸಿ ಹೇಳಿದ ಮೇಲೆ ಗಂಡುಮಕ್ಕಳು ಒಪ್ಪಿದರು. ಆದರೆ ಆ ನಲವತ್ತು ದಿನಗಳಲ್ಲಿ ಅಣ್ಣತಂಗಿಯರ ನಡುವೆ ಆಡಿದ ಮಾತುಗಳನ್ನು ರದ್ದು ಮಾಡುವವರು ಯಾರು?

ನನ್ನದೂ ಎರಡನೇ ಮದುವೆ. ಊರಿಗೆ ಬಂದು ನನ್ನ ಫೈಲ್ ತೆಗೆದೆ. ಬ್ಯಾಂಕಿನ ನಾಮಿನಿ ಹೆಸರು ಹಳೆಯದೇ ಇತ್ತು. ಮೊದಲ ಮದುವೆಯ ಮಹರ್‌ನಲ್ಲಿ ಎರಡು ಪವನು ಕೊಡಲು ಬಾಕಿ ಇತ್ತು. ನಾಮಿನಿ ಬದಲಿಸಲು ಒಂದು ಅರ್ಜಿ ಸಾಕಾಯಿತು. ಆ ಎರಡು ಪವನನ್ನು ಹನ್ನೊಂದು ವರ್ಷದ ನಂತರ ತಲುಪಿಸಿದೆ. ನೀವೂ ಇಂದು ರಾತ್ರಿ ಕಪಾಟು ತೆರೆದು ನೋಡಿ.